ಸೆಕೆಗೆ ಮಗು ಬಿದ್ದರೆ ಮೊದಲು ತಣಿಸಿ, ಆಮೇಲೆ ಗಾಡಿ ಹತ್ತಿಸಿ: ಕಾಸರಗೋಡಿನ ಮನೆ, ಶಾಲೆ, ಜಾತ್ರೆಗಳಿಗೆ ಸಮಗ್ರ ಮಾರ್ಗದರ್ಶಿ

ಸೆಕೆಗೆ ಮಗುವೊಂದು ತಲೆತಿರುಗಿ ಬಿದ್ದಾಗ ನಮ್ಮ ಕಡೆ ನಡೆಯುವುದು ಹೆಚ್ಚುಕಡಿಮೆ ಒಂದೇ ರೀತಿ. ಒಬ್ಬರು ಮುಖಕ್ಕೆ ನೀರು ಚಿಮುಕಿಸುತ್ತಾರೆ. ಇನ್ನೊಬ್ಬರು ಬಾಯಿಗೆ ನೀರು ಹೊಯ್ಯಲು ನೋಡುತ್ತಾರೆ. ಮತ್ತೊಬ್ಬರು ಪ್ಯಾರಾಸಿಟಮಾಲ್ ಹುಡುಕುತ್ತಾರೆ. ಅಷ್ಟರಲ್ಲಿ ಯಾರೋ ಕಾರು ತಂದು ನಿಲ್ಲಿಸುತ್ತಾರೆ. ಮೈ ಕಾದ ಮಗುವನ್ನು ತೊಟ್ಟ ಬಟ್ಟೆಯಲ್ಲೇ ಹಿಂದಿನ ಸೀಟಿನಲ್ಲಿ ಮಲಗಿಸಿ ಮಂಗಳೂರಿನ ಕಡೆಗೆ ಓಡಿಸುತ್ತಾರೆ. ಎಲ್ಲರ ಮನಸ್ಸೂ ಒಳ್ಳೆಯದೇ, ತಪ್ಪಿರುವುದು ಕ್ರಮದಲ್ಲಿ. ಬದಿಯಡ್ಕ, ಪೆರ್ಲ, ಮುಳ್ಳೇರಿಯದಂಥ ಊರುಗಳಿಂದ ದೊಡ್ಡ ಆಸ್ಪತ್ರೆ ಮುಟ್ಟುವವರೆಗೂ ಮಗುವಿನ ಮೈ ಕಾಯುತ್ತಲೇ ಇದ್ದರೆ ಮಿದುಳಿಗೆ, ಯಕೃತ್ತಿಗೆ, ಮೂತ್ರಪಿಂಡಕ್ಕೆ ಪೆಟ್ಟು ಬೀಳುವುದು ಆ ದಾರಿಯಲ್ಲೇ. ಆ ಪೆಟ್ಟನ್ನು ತಪ್ಪಿಸುವ ಶಕ್ತಿ ಇರುವುದು ಅಂಗಳದ ಬಾವಿಕಟ್ಟೆಯಲ್ಲಿ, ಮೊದಲ ಅರ್ಧ ಗಂಟೆಯಲ್ಲಿ.

ಇನ್ನೊಂದು ತಪ್ಪು ನಂಬಿಕೆಯನ್ನು ಇಲ್ಲೇ ತೆಗೆದುಬಿಡೋಣ. "ಸೋಲಾಪುರ, ಅನಂತಪುರದ ಹಾಗೆ ನಮ್ಮಲ್ಲಿ 42 ಡಿಗ್ರಿ ಬಿಸಿಲಿಲ್ಲ, ಬರೀ ಸೆಕೆ, ಅದರಿಂದ ಏನೂ ಆಗುವುದಿಲ್ಲ" ಎನ್ನುವವರಿದ್ದಾರೆ. ಮೈ ತಣ್ಣಗಾಗುವುದು ಬೆವರು ಬರುವುದರಿಂದಲ್ಲ, ಬೆವರು ಆರುವುದರಿಂದ. ಕರಾವಳಿಯ ಗಾಳಿಯಲ್ಲಿ ಮೊದಲೇ ತೇವ ತುಂಬಿರುತ್ತದೆ. ಹಾಗಾಗಿ ಬೆವರು ಆರದೆ ಹನಿಹನಿಯಾಗಿ ಕೆಳಗೆ ಇಳಿಯುತ್ತದೆ. ನೀರು, ಉಪ್ಪು ಎರಡೂ ಹೋದವು, ಮೈ ಮಾತ್ರ ತಣಿಯಲಿಲ್ಲ. ಬಿಸಿಗಾಳಿ ಘೋಷಿಸಲು ಭಾರತೀಯ ಹವಾಮಾನ ಇಲಾಖೆ ಬಯಲುಸೀಮೆಗೆ 40 ಡಿಗ್ರಿ ಸೆಲ್ಸಿಯಸ್ ಮಿತಿ ಇಟ್ಟಿದ್ದರೆ ಕರಾವಳಿಗೆ 37 ಡಿಗ್ರಿ ಇಟ್ಟಿದೆ. ನಮ್ಮಲ್ಲಿ 35 ಡಿಗ್ರಿಯ ಒಂದು ಮಧ್ಯಾಹ್ನ, ಆಡುವ ಮಗುವಿಗೆ ಸಾಕಷ್ಟು ಅಪಾಯಕಾರಿ.

ಹಂತ 1: ಫೆಬ್ರವರಿ ಮುಗಿಯುವುದರೊಳಗೆ ಸೇರಿಸಿಡಬೇಕಾದ್ದು

ಬೇಕಾಗುವ ಸಾಮಾನು ಹೆಚ್ಚೇನಿಲ್ಲ. ಆದರೆ ಮಗು ಬಿದ್ದ ಮೇಲೆ ಹುಡುಕಿದರೆ ಅದು ಸಿಗುವುದಿಲ್ಲ.

ಓಆರ್‌ಎಸ್ (ನೀರಿಗೆ ಕಲಸಿ ಕುಡಿಸುವ ಉಪ್ಪು, ಸಕ್ಕರೆಯ ಪುಡಿ) ಪೊಟ್ಟಣ ನಾಲ್ಕೈದು ಇರಲಿ. ಆಶಾ ಕಾರ್ಯಕರ್ತೆಯಲ್ಲಿ, ಆರೋಗ್ಯ ಕೇಂದ್ರದಲ್ಲಿ ಕೇಳಿ, ಇಲ್ಲವೇ ಔಷಧ ಅಂಗಡಿಯಿಂದ ತನ್ನಿ. ಸರಿಯಾಗಿ ಒಂದು ಲೀಟರ್ ಹಿಡಿಯುವ ಬಾಟಲಿಯೊಂದನ್ನು ಇದಕ್ಕೆಂದೇ ತೆಗೆದಿಡಿ. ಒಂದು ಡಿಜಿಟಲ್ ಥರ್ಮಾಮೀಟರ್ ಇರಲಿ, ಅದರ ಬ್ಯಾಟರಿ ಸರಿಯಿದೆಯೇ ಎಂದು ಒಮ್ಮೆ ಒತ್ತಿ ನೋಡಿ. ಎರಡು ಹಳೆಯ ಬೈರಾಸು (ಟವೆಲು), ಮಗು ಕುಳಿತುಕೊಳ್ಳುವಷ್ಟು ದೊಡ್ಡ ಪ್ಲಾಸ್ಟಿಕ್ ಟಬ್ಬು, ಬಾವಿಕಟ್ಟೆಯ ನಳ್ಳಿಯಿಂದ ಜಗಲಿವರೆಗೆ ಮುಟ್ಟುವ ಪೈಪು ಬೇಕು. ಕರೆಂಟು ಹೋದಾಗ ಬೀಸಲು ಹಾಳೆಯ ಬೀಸಣಿಗೆ ಇದ್ದರೆ ಅದಕ್ಕಿಂತ ಒಳ್ಳೆಯದು ಬೇರೆ ಇಲ್ಲ.

ಕೊನೆಯದಾಗಿ ಒಂದು ಚೀಟಿ. 108 ಎಂಬ ಆಂಬುಲೆನ್ಸ್ ನಂಬರು, ನಿಮ್ಮ ಪಂಚಾಯತು, ವಾರ್ಡು, ಹತ್ತಿರದ ಗುರುತು (ಭಜನಾ ಮಂದಿರ, ಶಾಲೆ, ಬಸ್ ಸ್ಟಾಪು) ಇಷ್ಟನ್ನು ದೊಡ್ಡ ಅಕ್ಷರದಲ್ಲಿ ಬರೆದು ಗೋಡೆಗೆ ಅಂಟಿಸಿ. ಇದು ಮನೆಯ ಹಿರಿಯರಿಗಾಗಿ. ಬೇಸಗೆ ರಜೆಯಲ್ಲಿ ಮಗು ಬೀಳುವಾಗ ಮನೆಯಲ್ಲಿ ಇರುವುದು ಹೆಚ್ಚಾಗಿ ಅಜ್ಜ, ಅಜ್ಜಿಯರೇ.

ಹಂತ 2: ಯಾವ ಮಗುವಿನ ಮೇಲೆ ಮೊದಲು ಕಣ್ಣಿಡಬೇಕು

ಮಕ್ಕಳ ಮೈಯ ತೂಕಕ್ಕೆ ಹೋಲಿಸಿದರೆ ಅವರ ಚರ್ಮದ ಹರವು ದೊಡ್ಡದು, ಹೊರಗಿನ ಬಿಸಿಯನ್ನು ಬೇಗ ಹೀರಿಕೊಳ್ಳುತ್ತದೆ. ಬೆವರುವುದು ದೊಡ್ಡವರಿಗಿಂತ ಕಡಿಮೆ. ಆಟದ ಗುಂಗಿನಲ್ಲಿ ಬಾಯಾರಿಕೆ ಅವರಿಗೆ ಗೊತ್ತೇ ಆಗುವುದಿಲ್ಲ. ಇದು ಎಲ್ಲ ಮಕ್ಕಳಿಗೂ ಅನ್ವಯಿಸುವ ಮಾತು. ಆದರೆ ಕೆಲವರ ಮೇಲೆ ವಿಶೇಷ ನಿಗಾ ಬೇಕು.

ಒಂದು ವರ್ಷದೊಳಗಿನ ಶಿಶುಗಳು ಮೊದಲು ಬರುತ್ತಾರೆ. ಶೀಟಿನ ಮಾಡಿನ ಕೆಳಗೆ, ತೊಟ್ಟಿಲಿಗೆ ನಾಲ್ಕೂ ಕಡೆ ಬಟ್ಟೆ ಕಟ್ಟಿ ಮಲಗಿಸಿದ ಶಿಶು ಬಿಸಿಲಿಗೆ ಹೋಗದೆಯೇ ಕಾಯುತ್ತದೆ.

ಎರಡನೆಯವರು ರಜೆಗೆಂದು ಬೆಂಗಳೂರಿನಿಂದ, ಮೈಸೂರಿನಿಂದ ಅಜ್ಜನ ಮನೆಗೆ ಬರುವ ಮಕ್ಕಳು. ನಮ್ಮ ಸೆಕೆಗೆ ಮೈ ಹೊಂದಿಕೊಳ್ಳಲು ಮಕ್ಕಳಿಗೆ ಹತ್ತರಿಂದ ಹದಿನಾಲ್ಕು ದಿನ ಬೇಕು. ಬಂದ ಮರುದಿನವೇ ಊರಿನ ಮಕ್ಕಳ ಜೊತೆ ಗದ್ದೆಯಲ್ಲಿ ಕ್ರಿಕೆಟ್ಟು, ಗುಡ್ಡದಲ್ಲಿ ಗೇರುಬೀಜ ಹೆಕ್ಕುವುದು ಶುರುವಾಗುತ್ತದೆ. ಊರಿನ ಮಗು ತಡೆದುಕೊಂಡಿತು ಎಂದು ಬಂದ ಮಗುವೂ ತಡೆಯುತ್ತದೆಂದು ಎಣಿಸಬೇಡಿ. ಮೊದಲ ವಾರ ಬೆಳಗ್ಗೆ ಹತ್ತರೊಳಗೆ, ಸಂಜೆ ನಾಲ್ಕೂವರೆಯ ಮೇಲೆ ಮಾತ್ರ ಬಿಡಿ.

ಮೂರನೆಯವರ ಬಗ್ಗೆ ಈ ಜಿಲ್ಲೆಯಲ್ಲಿ ಹೇಳಲೇಬೇಕು. ಎಣ್ಮಕಜೆ, ಬೆಳ್ಳೂರು ಮುಂತಾದ ಪಂಚಾಯತುಗಳಲ್ಲಿ ಎಂಡೋಸಲ್ಫಾನ್ ಕೀಟನಾಶಕದಿಂದ ಬಾಧಿತರಾದ ಮಕ್ಕಳಿರುವ ಮನೆಗಳಿವೆ. ಹಾಸಿಗೆ ಹಿಡಿದ, ಮಾತು ಬಾರದ ಮಗು "ಸೆಕೆಯಾಗುತ್ತದೆ, ನೀರು ಬೇಕು" ಎಂದು ಹೇಳಲಾರದು. ಅಪಸ್ಮಾರಕ್ಕೆ ಕೊಡುವ ಟೋಪಿರಾಮೇಟ್, ಜೋನಿಸಮೈಡ್‌ನಂಥ ಕೆಲವು ಔಷಧಗಳು, ಜೊಲ್ಲು ಕಡಿಮೆ ಮಾಡಲು ಕೊಡುವ ಔಷಧಗಳು ಬೆವರನ್ನೇ ಕಡಿಮೆ ಮಾಡುತ್ತವೆ. ಔಷಧ ನಿಲ್ಲಿಸಬೇಡಿ, ನಿಲ್ಲಿಸಿದರೆ ಫಿಟ್ಸ್ ಬರಬಹುದು. ಬದಲಿಗೆ ಮಾರ್ಚ್‌ಗೆ ಮೊದಲೇ ವೈದ್ಯರಲ್ಲಿ "ಈ ಮಾತ್ರೆಯಿಂದ ಬೆವರು ನಿಲ್ಲುತ್ತದೆಯೇ, ಬೇಸಗೆಯಲ್ಲಿ ಏನು ಮಾಡಬೇಕು" ಎಂದು ಕೇಳಿ. ಅಂಥ ಮಗುವನ್ನು ಎರಡು ಗಂಟೆಗೊಮ್ಮೆ ಒದ್ದೆ ಬಟ್ಟೆಯಲ್ಲಿ ಒರೆಸಿ, ಹೊತ್ತು ನೋಡಿ ನೀರು ಕೊಡಿ. ಕೇಳಲಿ ಎಂದು ಕಾಯಬೇಡಿ.

ಜ್ವರ, ಭೇದಿ, ವಾಂತಿಯಿಂದ ಆಗಷ್ಟೇ ಎದ್ದ ಮಗು ಹಾಗೂ ತೂಕ ಹೆಚ್ಚಿರುವ ಮಗು ಕೂಡ ಇದೇ ಸಾಲಿಗೆ ಸೇರುತ್ತವೆ.

ಹಂತ 3: ಗುರುತಿಸುವುದು

ಬೆವರುಸಾಲೆ ಎಲ್ಲಕ್ಕಿಂತ ಸಣ್ಣದು. ಕುತ್ತಿಗೆ, ಕಂಕುಳು, ಬೆನ್ನಿನ ಮೇಲೆ ಕೆಂಪು ಗುಳ್ಳೆ ಏಳುತ್ತದೆ. ತಣ್ಣೀರಿನ ಸ್ನಾನ, ಸಡಿಲ ಹತ್ತಿ ಬಟ್ಟೆ, ಗಾಳಿ ಇಷ್ಟೇ ಔಷಧ. ಪೌಡರು ಮೆತ್ತಿದರೆ ಬೆವರಿನ ರಂಧ್ರ ಇನ್ನಷ್ಟು ಮುಚ್ಚುತ್ತದೆ, ಶಿಶುವಿನ ಉಸಿರಿಗೂ ಹೋಗುತ್ತದೆ. ಗುಳ್ಳೆಯಲ್ಲಿ ಕೀವು ಬಂದರೆ ಮಾತ್ರ ವೈದ್ಯರಿಗೆ ತೋರಿಸಿ.

ಆಡಿ ಬಂದ ಮಗುವಿಗೆ ಮೀನಖಂಡ, ತೊಡೆ, ಹೊಟ್ಟೆ ಹಿಡಿದುಕೊಂಡರೆ ಉಪ್ಪು, ನೀರು ಕಡಿಮೆಯಾಗಿದೆ ಎಂದರ್ಥ. ನೆರಳಿನಲ್ಲಿ ಕೂರಿಸಿ, ಮೆಲ್ಲಗೆ ಎಳೆದು ನೀವಿ, ಓಆರ್‌ಎಸ್ ಕೊಡಿ. ಆ ದಿನ ಮತ್ತೆ ಆಟ ಬೇಡ.

ನಿಜವಾಗಿ ಬೇರೆ ಮಾಡಿ ತಿಳಿಯಬೇಕಾದವು ಎರಡು: ಸೆಕೆಯ ಬಳಲಿಕೆ ಮತ್ತು ಸೂರ್ಯಾಘಾತ. ಜನ ಸೋಲುವುದು ಇಲ್ಲೇ.

ಬಳಲಿಕೆಯಲ್ಲಿ ಮಗು ಬಿಳಿಚಿಕೊಳ್ಳುತ್ತದೆ, ತುಂಬ ಬೆವರುತ್ತದೆ, ತಲೆನೋವು, ಓಕರಿಕೆ, ತಲೆತಿರುಗು ಎನ್ನುತ್ತದೆ. ರಚ್ಚೆ ಹಿಡಿಯುತ್ತದೆ ಅಥವಾ ಸುಮ್ಮನೆ ಮೂಲೆ ಸೇರುತ್ತದೆ. ಎದೆಬಡಿತ ಜೋರಾಗಿರುತ್ತದೆ. ಮೂತ್ರ ಕಡು ಹಳದಿಯಾಗಿ ಸ್ವಲ್ಪವೇ ಹೋಗುತ್ತದೆ. ಆದರೆ ಕೇಳಿದ್ದಕ್ಕೆ ಸರಿಯಾಗಿ ಉತ್ತರ ಕೊಡುತ್ತದೆ.

ಸೂರ್ಯಾಘಾತದಲ್ಲಿ ಮಿದುಳೇ ತಪ್ಪುತ್ತದೆ. ಮಾತು ತೊದಲುತ್ತದೆ, ಎಲ್ಲಿದ್ದೇನೆಂದು ತಿಳಿಯುವುದಿಲ್ಲ, ಕಾರಣವಿಲ್ಲದೆ ಸಿಟ್ಟು ಬರುತ್ತದೆ, ಹೆಜ್ಜೆ ತೂರಾಡುತ್ತದೆ, ಫಿಟ್ಸ್ ಬರಬಹುದು, ಎಚ್ಚರ ತಪ್ಪಬಹುದು. ಮೈಯೊಳಗಿನ ಬಿಸಿ 40 ಡಿಗ್ರಿ ಸೆಲ್ಸಿಯಸ್, ಅಂದರೆ 104 ಡಿಗ್ರಿ ಫ್ಯಾರನ್‌ಹೀಟ್ ದಾಟಿರುತ್ತದೆ.

ಇಲ್ಲಿ ಎರಡು ಮೋಸಗಳಿವೆ. "ಬೆವರು ನಿಂತು ಚರ್ಮ ಒಣಗಿದರೆ ಮಾತ್ರ ಸೂರ್ಯಾಘಾತ" ಎಂದು ಅನೇಕರು ತಿಳಿದಿದ್ದಾರೆ. ಓಡಿ ಆಡಿ ಬಿದ್ದ ಮಗು ಮೈಯೆಲ್ಲ ಬೆವರಿದ್ದರೂ ಸೂರ್ಯಾಘಾತಕ್ಕೆ ಒಳಗಾಗಿರಬಹುದು. ನಮ್ಮ ಒದ್ದೆ ಗಾಳಿಯಲ್ಲಂತೂ ಬೆವರು ಒಣಗಲಿ ಎಂದು ಕಾದರೆ ಕೆಟ್ಟೆವು. ಎರಡನೆಯದು ಥರ್ಮಾಮೀಟರು. ಕಂಕುಳಲ್ಲಿಟ್ಟರೆ ಒಳಗಿನ ಬಿಸಿಗಿಂತ ಕಡಿಮೆ ತೋರಿಸುತ್ತದೆ, ಒದ್ದೆ ಮೈಯಲ್ಲಿ ಇನ್ನೂ ಕಡಿಮೆ. 102 ತೋರಿಸಿತೆಂದು ಸಮಾಧಾನ ಪಡಬೇಡಿ. ಮಗುವಿನ ಬುದ್ಧಿ ನೆಟ್ಟಗಿದೆಯೇ ಎಂಬುದೇ ನಿಮ್ಮ ಅಳತೆಗೋಲು.

ಅದನ್ನು ಅಳೆಯುವುದು ಹೀಗೆ. ಮಗುವಿನ ಕಣ್ಣಮಟ್ಟಕ್ಕೆ ಬಗ್ಗಿ, ಮನೆಯಲ್ಲಿ ಆಡುವ ಮಾತಿನಲ್ಲೇ, ತುಳುವೋ ಮಲಯಾಳವೋ ಕನ್ನಡವೋ, ಕೇಳಿ: "ಮಗಾ, ನಾನು ಯಾರು? ಈಗ ನಾವು ಎಲ್ಲಿದ್ದೇವೆ? ಬೆಳಗ್ಗೆ ಎಂತ ತಿಂದದ್ದು?" ಮೂರಕ್ಕೂ ಸರಿ ಉತ್ತರ ಬಂದು, ಎದ್ದು ನಿಂತು ನಾಲ್ಕು ಹೆಜ್ಜೆ ನೆಟ್ಟಗೆ ನಡೆದರೆ ಹಂತ 4ಕ್ಕೆ ಹೋಗಿ. ಒಂದು ಉತ್ತರ ತಪ್ಪಿದರೂ, ನಡಿಗೆ ತೂರಾಡಿದರೂ ನೇರ ಹಂತ 6ಕ್ಕೆ ಹೋಗಿ. ಅನುಮಾನ ಬಂದರೂ ಹಂತ 6ಕ್ಕೇ ಹೋಗಿ. ಬಳಲಿದ ಮಗುವಿನ ಮೇಲೆ ನಾಲ್ಕು ಬಾಲ್ದಿ ನೀರು ಹೆಚ್ಚು ಬಿದ್ದರೆ ನಷ್ಟವಿಲ್ಲ.

ಮಾತು ಬಾರದ ಶಿಶುವಿನಲ್ಲಿ ನೋಡಬೇಕಾದ್ದು ಬೇರೆ. ಹಾಲು ಕುಡಿಯಲು ಒಲ್ಲದು, ಎಬ್ಬಿಸಿದರೂ ಕಣ್ಣು ಬಿಡದು, ಅಳುವಾಗ ಕಣ್ಣೀರಿಲ್ಲ, ಬಾಯಿ ಒಣಗಿದೆ, ನೆತ್ತಿ ಕುಳಿ ಬಿದ್ದಿದೆ, ಆರು ಗಂಟೆಯಿಂದ ಮೂತ್ರ ಹೋಗಿಲ್ಲ. ಇವುಗಳಲ್ಲಿ ಯಾವುದಿದ್ದರೂ ತಣಿಸುತ್ತಲೇ ಆಸ್ಪತ್ರೆಗೆ ಹೊರಡಿ.

ಬಿಸಿಲಿಗೇ ಹೋಗದ, ಸೆಕೆಯ ಕೋಣೆಯಲ್ಲೂ ಇರದ ಮಗುವಿಗೆ ಮೈ ಬಿಸಿಯಾಗಿದ್ದರೆ ಅದು ಸೋಂಕಿನ ಜ್ವರ ಇರಬಹುದು. "ಬೇಸಗೆಯ ಉಷ್ಣ" ಎಂದು ಬಿಡಬೇಡಿ, ವೈದ್ಯರಿಗೆ ತೋರಿಸಿ.

ಹಂತ 4: ಬಳಲಿಕೆಯಾದರೆ ಮೊದಲ ಅರ್ಧ ಗಂಟೆ

ಗಡಿಯಾರ ನೋಡಿಕೊಳ್ಳಿ. ಮುಂದಿನ ನಿರ್ಧಾರಕ್ಕೆ ಈ ಹೊತ್ತು ಬೇಕು.

ಮಗುವನ್ನು ನೆರಳಿಗೆ ತನ್ನಿ. ಶಾಮಿಯಾನದ ಕೆಳಗೆ, ಶೀಟಿನ ಮಾಡಿನ ಕೆಳಗೆ ನೆರಳಿದ್ದರೂ ತಂಪಿಲ್ಲ. ಹೆಂಚಿನ ಮನೆಯ ಜಗಲಿ, ಮರದಡಿ, ಅಡಿಕೆ ತೋಟ ಉತ್ತಮ. ಸಿಮೆಂಟು ಅಂಗಳದಲ್ಲಿ, ಮುರಕಲ್ಲಿನ ಪದವಿನ ಮೇಲೆ ಮಲಗಿಸಬೇಡಿ. ಮಧ್ಯಾಹ್ನ ಅವು ಕಾದು ಕೆಳಗಿನಿಂದ ಬಿಸಿ ಕೊಡುತ್ತಿರುತ್ತವೆ.

ಶೂ, ಸಾಕ್ಸ್, ಬೆಲ್ಟು, ಟೈ, ಮೇಲಂಗಿ ತೆಗೆಯಿರಿ. ಚಾಪೆಯ ಮೇಲೆ ಮಲಗಿಸಿ, ಕಾಲ ಕೆಳಗೆ ದಿಂಬೋ ಚೀಲವೋ ಇಟ್ಟು ಒಂದು ಗೇಣು ಎತ್ತರಿಸಿ. ಸುತ್ತ ನಿಂತವರನ್ನು ದೂರ ಸರಿಸಿ, ಗಾಳಿ ಆಡಲಿ.

ಮುಖ, ಕುತ್ತಿಗೆ, ಎದೆ, ಬೆನ್ನು, ಕಂಕುಳು, ತೊಡೆಸಂದಿಗಳನ್ನು ಒದ್ದೆ ಬೈರಾಸಿನಿಂದ ಒರೆಸುತ್ತಾ ಬೀಸಿ. ಬೈರಾಸನ್ನು ಮೈಮೇಲೆ ಹೊದಿಸಿ ಹಾಗೇ ಬಿಟ್ಟರೆ ಸ್ವಲ್ಪ ಹೊತ್ತಿನಲ್ಲಿ ಅದೇ ಬಿಸಿಯಾಗಿ ಕಂಬಳಿಯಂತಾಗುತ್ತದೆ. ಎರಡು ನಿಮಿಷಕ್ಕೊಮ್ಮೆ ಹಿಂಡಿ, ಹೊಸ ನೀರಿನಲ್ಲಿ ಅದ್ದಿ ಹಾಕಿ. ಹಣೆಗೊಂದು ಪಟ್ಟಿ ಇಟ್ಟು ಮುಗಿಸಿದರೆ ಉಪಯೋಗವಿಲ್ಲ.

ಮಗು ಎಚ್ಚರವಾಗಿದ್ದು ನುಂಗಲು ಶಕ್ತವಾಗಿದ್ದರೆ ಓಆರ್‌ಎಸ್ ಕೊಡಿ. ಸಣ್ಣ ಮಗುವಿಗೆ ಒಂದೆರಡು ನಿಮಿಷಕ್ಕೊಂದು ಚಮಚ, ದೊಡ್ಡ ಮಗುವಿಗೆ ಗುಟುಕು ಗುಟುಕಾಗಿ. ಗಟಗಟ ಕುಡಿಸಿದರೆ ವಾಂತಿಯಾಗುತ್ತದೆ. ವಾಂತಿಯಾದರೆ ಹತ್ತು ನಿಮಿಷ ಬಿಟ್ಟು ಇನ್ನೂ ನಿಧಾನವಾಗಿ ಶುರುಮಾಡಿ. ಆರು ತಿಂಗಳೊಳಗಿನ ಶಿಶುವಿಗೆ ನೀರು ಬೇಡ, ಮತ್ತೆ ಮತ್ತೆ ಎದೆಹಾಲು ಕೊಡಿ. ತಾಯಿ ತಾನೂ ನೀರು ಕುಡಿಯಬೇಕು.

ಅರ್ಧ ಗಂಟೆಯೊಳಗೆ ಮಗು ಚೇತರಿಸಿ ಮಾತಾಡಬೇಕು. ಆಗದಿದ್ದರೆ, ವಾಂತಿ ನಿಲ್ಲದಿದ್ದರೆ, ಮತ್ತೆ ಮಂಕಾದರೆ ಅದನ್ನು ಬಳಲಿಕೆ ಎಂದು ಕರೆಯುವುದನ್ನು ಬಿಟ್ಟು ಹಂತ 6ಕ್ಕೆ ಹೋಗಿ.

ಹಂತ 5: ಓಆರ್‌ಎಸ್ ಕಲಸುವುದು

ಇದಕ್ಕೆ ಪ್ರತ್ಯೇಕ ಹಂತ ಯಾಕೆಂದರೆ ಹೆಚ್ಚಿನ ಮನೆಗಳಲ್ಲಿ ಇದು ತಪ್ಪುತ್ತದೆ. ಅಂಗಡಿಯಲ್ಲಿ ಎರಡು ಅಳತೆಯ ಪೊಟ್ಟಣ ಸಿಗುತ್ತದೆ. ದೊಡ್ಡದು ಒಂದು ಲೀಟರಿಗೆ, ಚಿಕ್ಕದು 200 ಮಿಲಿಲೀಟರಿಗೆ. ದೊಡ್ಡ ಪೊಟ್ಟಣವನ್ನು ಒಂದು ಲೋಟಕ್ಕೆ ಸುರಿದು ಕುಡಿಸಿದರೆ ಉಪ್ಪು ಐದು ಪಟ್ಟು. ಅದು ಮಗುವಿನ ರಕ್ತದಲ್ಲಿ ಸೋಡಿಯಂ ಏರಿಸಿ ಫಿಟ್ಸ್ ತರಬಲ್ಲದು. ದೊಡ್ಡ ಪೊಟ್ಟಣದಿಂದ ಅಂದಾಜಿಗೆ ಚೂರು ಚೂರು ತೆಗೆದು ಕಲಸುವುದೂ ಸರಿಯಲ್ಲ. ಪೊಟ್ಟಣದ ಮೇಲೆ ಬರೆದಷ್ಟು ನೀರಿಗೆ ಇಡೀ ಪೊಟ್ಟಣ ಒಮ್ಮೆಗೇ ಹಾಕಿ. ನೀರು ಕುದಿಸಿ ಆರಿಸಿದ್ದಿರಲಿ. ಕಲಸಿದ್ದನ್ನು 24 ಗಂಟೆ ಕಳೆದ ಮೇಲೆ ಚೆಲ್ಲಿ. ಮತ್ತೆ ಸಕ್ಕರೆ ಸೇರಿಸಬೇಡಿ, ಕಲಸಿದ ಮೇಲೆ ಕುದಿಸಬೇಡಿ.

ಪೊಟ್ಟಣವಿಲ್ಲದಿದ್ದರೆ ಒಂದು ಲೀಟರ್ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಸಣ್ಣ ಚಮಚ ಉಪ್ಪು. ಚಮಚದ ಮೇಲೆ ಗೋಪುರ ಬೇಡ, ಚಾಕುವಿನ ಬೆನ್ನಿನಿಂದ ಗೀಚಿ ಸಮ ಮಾಡಿ. ರುಚಿ ನೋಡಿ, ಕಣ್ಣೀರಿಗಿಂತ ಉಪ್ಪಾಗಿದ್ದರೆ ಚೆಲ್ಲಿ ಹೊಸದು ಮಾಡಿ.

ಔಷಧ ಅಂಗಡಿಯಲ್ಲೇ ಸಿಗುವ, ಓಆರ್‌ಎಸ್ ಎಂಬ ಹೆಸರು ಅಂಟಿಸಿಕೊಂಡ ಸಿಹಿ ಹಣ್ಣಿನ ಪಾನೀಯದ ಡಬ್ಬಿಗಳ ಬಗ್ಗೆ ಎಚ್ಚರ. ಅವುಗಳಲ್ಲಿ ಸಕ್ಕರೆ ಹೆಚ್ಚು, ಉಪ್ಪಿನ ಅಳತೆ ಬೇರೆ. ಆಹಾರ ಪಾನೀಯಗಳ ಮೇಲೆ ಆ ಹೆಸರು ಬಳಸಬಾರದೆಂದು ಕೇಂದ್ರದ ಆಹಾರ ಸುರಕ್ಷತಾ ಪ್ರಾಧಿಕಾರ 2025ರ ಅಕ್ಟೋಬರಿನಲ್ಲಿ ಆದೇಶ ಹೊರಡಿಸಿದೆ. ವಿಶ್ವ ಆರೋಗ್ಯ ಸಂಸ್ಥೆಯ ಸೂತ್ರದ್ದು ಎಂದು ಪೊಟ್ಟಣದಲ್ಲಿ ಬರೆದಿರುವುದನ್ನೇ ಕೇಳಿ ತೆಗೆದುಕೊಳ್ಳಿ.

ಸೀಯಾಳ ಒಳ್ಳೆಯದಲ್ಲವೇ ಎಂದು ಎಲ್ಲರೂ ಕೇಳುತ್ತಾರೆ. ದಿನನಿತ್ಯಕ್ಕೆ ಬಹಳ ಒಳ್ಳೆಯದು. ಆದರೆ ಅದರಲ್ಲಿ ಪೊಟ್ಯಾಸಿಯಂ ಹೆಚ್ಚು, ಬೆವರಿನಲ್ಲಿ ಮುಖ್ಯವಾಗಿ ಹೋಗುವ ಸೋಡಿಯಂ ಕಡಿಮೆ. ಮಗು ಬಳಲಿ ಮಲಗಿದಾಗ ಓಆರ್‌ಎಸ್ಸಿನ ಜಾಗವನ್ನು ಅದು ತುಂಬಲಾರದು. ಉಪ್ಪು ಹಾಕಿದ ಗಂಜಿ ತಿಳಿ, ನೀರು ಮಜ್ಜಿಗೆ, ಸಕ್ಕರೆ ಕಡಿಮೆ ಹಾಕಿ ಚಿಟಿಕೆ ಉಪ್ಪು ಬೆರೆಸಿದ ಪುನರ್ಪುಳಿ ಶರಬತ್ತು ಇವೆಲ್ಲ ಬಿಸಿಲಿಗೆ ಹೋಗುವ ಮೊದಲು, ಬಂದ ಮೇಲೆ ಕೊಡಲು ಬಹಳ ಒಳ್ಳೆಯವು. ಚಹಾ, ಕೋಲಾ ಬೇಡ.

ಹಂತ 6: ಸೂರ್ಯಾಘಾತವಾದರೆ

ಇಬ್ಬರಿದ್ದರೆ ಕೆಲಸ ಹಂಚಿಕೊಳ್ಳಿ. ಒಬ್ಬರು 108ಕ್ಕೆ ಫೋನು, ಇನ್ನೊಬ್ಬರು ನೀರು. ಒಬ್ಬರೇ ಇದ್ದರೆ ಫೋನನ್ನು ಸ್ಪೀಕರಿನಲ್ಲಿ ಹಾಕಿ ನೆಲದ ಮೇಲಿಟ್ಟು ನೀರು ಹೊಯ್ಯುತ್ತಾ ಮಾತಾಡಿ.

ಮೊದಲು ಉಸಿರಾಟ ನೋಡಿ. ಉಸಿರಿದ್ದು ಎಚ್ಚರವಿಲ್ಲದಿದ್ದರೆ ಪಕ್ಕಕ್ಕೆ ತಿರುಗಿಸಿ ಮಲಗಿಸಿ, ವಾಂತಿಯಾದರೆ ಹೊರಗೆ ಹೋಗಲಿ. ಉಸಿರೇ ಇಲ್ಲದಿದ್ದರೆ ತಣಿಸುವುದು ಆಮೇಲೆ. ಸಿಪಿಆರ್ (ಎದೆ ಒತ್ತಿ, ಬಾಯಿಗೆ ಉಸಿರು ಕೊಡುವುದು) ಶುರುಮಾಡಿ, 108ರವರು ಫೋನಿನಲ್ಲಿ ಹೇಳಿದಂತೆ ಮುಂದುವರಿಸಿ.

ಬಟ್ಟೆ ಬಿಚ್ಚಿ. ಒಳಚಡ್ಡಿ ಇದ್ದರೆ ಸಾಕು. ಹೆಣ್ಣುಮಗುವೆಂದು ಸಂಕೋಚಪಟ್ಟು ರೇಷ್ಮೆ ಲಂಗವನ್ನೋ ಯೂನಿಫಾರ್ಮನ್ನೋ ಬಿಟ್ಟರೆ ನೀರು ಚರ್ಮಕ್ಕೆ ಮುಟ್ಟುವುದಿಲ್ಲ. ಸುತ್ತ ಹೆಂಗಸರು ಸೀರೆ ಅಡ್ಡ ಹಿಡಿಯಲಿ.

ಇನ್ನು ನೀರು. ಒಣ ಸೀಮೆಯಲ್ಲಿ ಮೈ ಒದ್ದೆ ಮಾಡಿ ಫ್ಯಾನು ಹಾಕಿದರೆ ನೀರು ಆರುತ್ತಾ ಮೈ ತಣಿಯುತ್ತದೆ. ನಮ್ಮ ಗಾಳಿಯಲ್ಲಿ ಆ ಉಪಾಯ ನಿಧಾನ, ನೀರು ಬೇಗ ಆರುವುದಿಲ್ಲ. ಹಾಗಾಗಿ ನಮ್ಮಲ್ಲಿ ನೀರು ಧಾರಾಳ ಬೇಕು. ಮಗುವನ್ನು ಟಬ್ಬಿನಲ್ಲಿ ಕುತ್ತಿಗೆಯವರೆಗೆ ತಣ್ಣೀರಿನಲ್ಲಿ ಕೂರಿಸಿ. ಒಬ್ಬರು ಹಿಂದಿನಿಂದ ಎರಡೂ ಕಂಕುಳಿಗೆ ಕೈ ಕೊಟ್ಟು ಹಿಡಿದಿರಬೇಕು, ತಲೆ ನೀರಿನ ಮೇಲೇ ಇರಬೇಕು, ಒಂದು ಕ್ಷಣವೂ ಕೈ ಬಿಡಬಾರದು. ಇನ್ನೊಬ್ಬರು ನೀರನ್ನು ಕಲಕುತ್ತಿರಿ. ಕಲಕದಿದ್ದರೆ ಚರ್ಮಕ್ಕೆ ತಾಗಿದ ನೀರು ಬಿಸಿಯಾಗಿ ಅಲ್ಲೇ ನಿಲ್ಲುತ್ತದೆ. ಫ್ರಿಜ್ಜಿನ ಐಸು ಇದ್ದರೆ ದೊಡ್ಡ ಮಗುವಿನ ನೀರಿಗೆ ಹಾಕಿ. ಶಿಶುಗಳಿಗೆ ಐಸು ಬೇಡ, ಬಾವಿಯ ನೀರು ಸಾಕು.

ಟಬ್ಬಿಲ್ಲದಿದ್ದರೆ, ಮಗುವಿಗೆ ಫಿಟ್ಸ್ ಬರುತ್ತಿದ್ದರೆ, ವಾಂತಿಯಾಗುತ್ತಿದ್ದರೆ ಅಥವಾ ಎಚ್ಚರವೇ ಇಲ್ಲದಿದ್ದರೆ ಪಕ್ಕಕ್ಕೆ ಮಲಗಿಸಿಯೇ ನೀರು ಹೊಯ್ಯಿರಿ. ತೋಟಕ್ಕೆ ಬಿಡುವ ಪೈಪು ಇದಕ್ಕೆ ಅತ್ಯುತ್ತಮ. ಆದರೆ ಬಿಸಿಲಿನಲ್ಲಿ ಬಿದ್ದ ಪೈಪಿನೊಳಗಿನ ಮೊದಲ ನೀರು ಸುಡುವಷ್ಟು ಬಿಸಿ ಇರುತ್ತದೆ. ಅದನ್ನು ನೆಲಕ್ಕೆ ಬಿಟ್ಟು, ಕೈಗೆ ತಣ್ಣಗೆ ತಾಗಿದ ಮೇಲೆ ಮಗುವಿನತ್ತ ತಿರುಗಿಸಿ. ಮಾಡಿನ ಮೇಲಿನ ಕಪ್ಪು ಟ್ಯಾಂಕಿಯ ನೀರೂ ಮಧ್ಯಾಹ್ನ ಬಿಸಿಯೇ. ಬಾವಿಯಿಂದ ಸೇದಿದ ನೀರು, ಗುಡ್ಡ ಕೊರೆದ ಸುರಂಗದಿಂದ ಬರುವ ನೀರು ಏಪ್ರಿಲಿನಲ್ಲೂ ತಂಪಾಗಿರುತ್ತದೆ, ಅದನ್ನೇ ತನ್ನಿ. ಕುತ್ತಿಗೆ, ಎದೆ, ಕಂಕುಳು, ತೊಡೆಸಂದಿ, ಬೆನ್ನಿಗೆ ಬಾಲ್ದಿ ಬಾಲ್ದಿ ಹೊಯ್ಯುತ್ತಾ ಇರಿ. ಮೂಗು, ಬಾಯಿಗೆ ನೀರು ನುಗ್ಗದಂತೆ ನೋಡಿಕೊಳ್ಳಿ. ಜೊತೆಗೆ ಬೀಸಿ.

"ಕಾದ ಮೈಗೆ ತಣ್ಣೀರು ಹೊಯ್ದರೆ ಶೀತವಾಗುತ್ತದೆ, ನರ ಹಿಡಿಯುತ್ತದೆ" ಎಂದು ಹಿರಿಯರು ತಡೆಯಬಹುದು. "ಅಜ್ಜೀ, ಶೀತವಾದರೆ ಗುಣ ಮಾಡಬಹುದು, ಮಿದುಳು ಬೆಂದರೆ ಆಗುವುದಿಲ್ಲ" ಎಂದು ಮೆಲ್ಲಗೆ ಹೇಳಿ, ಕೈ ಮಾತ್ರ ನಿಲ್ಲಿಸಬೇಡಿ. ದೃಷ್ಟಿ ತೆಗೆಯುವುದಿದ್ದರೆ ಮಗು ತಣಿದು ಎದ್ದ ಮೇಲೆ ತೆಗೆಯಬಹುದು.

ಎಷ್ಟು ಹೊತ್ತು? ಮಗು ಸರಿಯಾಗಿ ಮಾತಾಡುವವರೆಗೆ, ಅಥವಾ ಥರ್ಮಾಮೀಟರು 102 ಫ್ಯಾರನ್‌ಹೀಟ್ ಹತ್ತಿರಕ್ಕೆ ಇಳಿದು ಮಗುವೂ ಚೇತರಿಸುವವರೆಗೆ. ಅಂಕೆ ಇಳಿದರೂ ಮಗು ಮಂಕಾಗಿದ್ದರೆ ಆಂಬುಲೆನ್ಸ್ ಬರುವ ತನಕ ತಣಿಸಿ. ಗಡಗಡ ನಡುಗತೊಡಗಿದರೆ ಟಬ್ಬಿನಿಂದ ತೆಗೆದು ಒದ್ದೆ ಬಟ್ಟೆ, ಗಾಳಿಯಲ್ಲಿ ಮುಂದುವರಿಸಿ. ತಣಿದ ಮಗು ಮತ್ತೆ ಕಾಯಬಹುದು, ಹತ್ತು ನಿಮಿಷಕ್ಕೊಮ್ಮೆ ನೋಡುತ್ತಿರಿ. ಪೂರ್ತಿ ಚೇತರಿಸಿದಂತೆ ಕಂಡರೂ ಆಸ್ಪತ್ರೆಗೆ ಹೋಗಲೇಬೇಕು. ಯಕೃತ್ತು, ಮೂತ್ರಪಿಂಡದ ತೊಂದರೆ ಒಂದೆರಡು ದಿನ ಕಳೆದು ಕಾಣಿಸಿಕೊಳ್ಳುವುದುಂಟು.

ಹಂತ 7: 108ಕ್ಕೆ ಹೇಳುವುದು, ದಾರಿಯಲ್ಲಿ ಮಾಡುವುದು

ಕರೆ ತೆಗೆದುಕೊಳ್ಳುವವರು ಮಲಯಾಳದಲ್ಲಿ ಮಾತಾಡುತ್ತಾರೆ. ಗಾಬರಿಯಲ್ಲಿ ಭಾಷೆ ತಡವರಿಸುತ್ತದೆ. ಗೋಡೆಯ ಚೀಟಿಯಲ್ಲೇ ಕನ್ನಡ ಲಿಪಿಯಲ್ಲಿ ಬರೆದಿಡಿ: "ಕುಟ್ಟಿಕ್ಕ್ ಬೋಧಮಿಲ್ಲ, ಸೂರ್ಯಾಘಾತಮಾಣ್" (ಮಗುವಿಗೆ ಎಚ್ಚರವಿಲ್ಲ, ಸೂರ್ಯಾಘಾತವಾಗಿದೆ). ಆಮೇಲೆ ಮಗುವಿನ ವಯಸ್ಸು, ಪಂಚಾಯತು, ಗುರುತು. ತಲಪಾಡಿ, ಪೆರ್ಲ, ಅಡ್ಕಸ್ಥಳದಂಥ ಗಡಿಯ ಜಾಗಗಳಲ್ಲಿ ಫೋನು ಆಚೆಯ ಟವರ್ ಹಿಡಿದು ಕರೆ ಕರ್ನಾಟಕದ ಕಡೆಗೆ ಹೋಗಬಹುದು. ಆದ್ದರಿಂದ ಬಾಯಿ ತೆರೆದ ಕೂಡಲೇ "ಕಾಸರಗೋಡು ಜಿಲ್ಲೆ" ಎಂದು ಹೇಳಿ.

ಆಂಬುಲೆನ್ಸ್ ತಡವೆಂದು ಸ್ವಂತ ಗಾಡಿಯಲ್ಲಿ ಹೊರಟರೆ, ಮೊದಲು ಹತ್ತು ಹದಿನೈದು ನಿಮಿಷವಾದರೂ ಚೆನ್ನಾಗಿ ತಣಿಸಿ ಹೊರಡಿ. ಬಿಸಿಲಲ್ಲಿ ನಿಂತ ಕಾರಿನೊಳಗೆ ಹತ್ತೇ ನಿಮಿಷದಲ್ಲಿ ಸುಮಾರು 10 ಡಿಗ್ರಿ ಸೆಲ್ಸಿಯಸ್ ಏರಿರುತ್ತದೆ. ನಾಲ್ಕೂ ಬಾಗಿಲು ತೆಗೆದು, ಎಸಿ ಹಾಕಿ, ಆಮೇಲೆ ಮಗುವನ್ನು ಹತ್ತಿಸಿ. ಎಸಿ ಇಲ್ಲದಿದ್ದರೆ ಕಿಟಕಿ ಪೂರ್ತಿ ಇಳಿಸಿ. ಬಾಲ್ದಿಯಲ್ಲಿ ನೀರು, ಎರಡು ಬೈರಾಸು ಗಾಡಿಯಲ್ಲಿರಲಿ, ದಾರಿಯುದ್ದಕ್ಕೂ ಒರೆಸುತ್ತಾ ಹೋಗಿ. ಮಡಿಲಲ್ಲಿ ಅಪ್ಪಿ ಹಿಡಿದರೆ ನಿಮ್ಮ ಮೈಬಿಸಿಯೂ ಸೇರುತ್ತದೆ, ಸೀಟಿನಲ್ಲಿ ಪಕ್ಕಕ್ಕೆ ಮಲಗಿಸಿ. ನೇರ ಮಂಗಳೂರಿಗೇ ಹೋಗಬೇಕೆಂದಿಲ್ಲ. ಹತ್ತಿರದಲ್ಲಿ ವೈದ್ಯರಿರುವ ಸರಕಾರಿ ಆಸ್ಪತ್ರೆಯಿದ್ದರೆ ಅಲ್ಲಿ ಡ್ರಿಪ್ ಹಾಕಿಸಿ, ಅವರು ಹೇಳಿದಂತೆ ಮುಂದೆ ಹೋಗಿ.

ಹಂತ 8: ಕೈ ಕಟ್ಟಿಕೊಳ್ಳಬೇಕಾದ ಜಾಗಗಳು

ಎಚ್ಚರವಿಲ್ಲದ, ಮಂಪರಿನಲ್ಲಿರುವ ಮಗುವಿನ ಬಾಯಿಗೆ ನೀರಾಗಲಿ ಸೀಯಾಳವಾಗಲಿ ಹೊಯ್ಯಬೇಡಿ. ಅದು ಶ್ವಾಸಕೋಶಕ್ಕೆ ಇಳಿಯುತ್ತದೆ. ಇದೊಂದನ್ನು ಎಷ್ಟು ಸಲ ಹೇಳಿದರೂ ಸಾಲದು. ಬಿದ್ದವರಿಗೆ ನೀರು ಕುಡಿಸುವುದು ನಮ್ಮ ಕೈಗೆ ಅಭ್ಯಾಸವಾಗಿಬಿಟ್ಟಿದೆ.

ಪ್ಯಾರಾಸಿಟಮಾಲ್ ಬೇಡ. ಸೋಂಕಿನ ಜ್ವರದಲ್ಲಿ ಮಿದುಳು ತಾನೇ ಬಿಸಿಯನ್ನು ಏರಿಸಿಕೊಂಡಿರುತ್ತದೆ, ಔಷಧ ಅದನ್ನು ಇಳಿಸುತ್ತದೆ. ಸೂರ್ಯಾಘಾತದಲ್ಲಿ ಬಿಸಿ ಹೊರಗಿನಿಂದಲೋ ಆಟದಿಂದಲೋ ತುಂಬಿಕೊಂಡದ್ದು. ಔಷಧಕ್ಕೆ ಅಲ್ಲಿ ಕೆಲಸವಿಲ್ಲ, ಮೊದಲೇ ಪೆಟ್ಟು ತಿಂದ ಯಕೃತ್ತಿಗೆ ಇನ್ನೊಂದು ಹೊರೆ ಅಷ್ಟೇ. ಆಸ್ಪಿರಿನ್ ಅಂತೂ ಮಕ್ಕಳಿಗೆ ಮುಟ್ಟಿಸಲೇಬೇಡಿ.

ಫಿಟ್ಸ್ ಬಂದಾಗ ಬಾಯಿಗೆ ಚಮಚ ತುರುಕುವುದು, ಕೈಗೆ ಕಬ್ಬಿಣದ ಕೀಲಿಕೈ ಕೊಡುವುದು, ಒತ್ತಿ ಹಿಡಿಯುವುದು ಬೇಡ. ಬರೀ ಉಪ್ಪನ್ನು ತಿನ್ನಿಸುವುದು, ಮೈಗೆ ಎಣ್ಣೆ ಹಚ್ಚುವುದೂ ಬೇಡ. ಎಣ್ಣೆ ಬೆವರನ್ನು ತಡೆಯುತ್ತದೆ.

ಹಂತ 9: ಆಮೇಲಿನ ದಿನಗಳು

ಬಳಲಿಕೆಯಿಂದ ಎದ್ದ ಮಗುವಿಗೆ ಕನಿಷ್ಠ ಒಂದು ಇಡೀ ದಿನ ಬಿಸಿಲೂ ಆಟವೂ ಬೇಡ. ಮೂತ್ರ ತಿಳಿ ಹಳದಿಗೆ ಬಂದಿದೆಯೇ, ಊಟ ಸೇರುತ್ತಿದೆಯೇ ನೋಡಿ. ಮೂತ್ರ ಚಹಾದ ಬಣ್ಣಕ್ಕೆ ತಿರುಗಿದರೆ ಸ್ನಾಯುವಿಗೆ ಪೆಟ್ಟಾಗಿರಬಹುದು. ಕಣ್ಣು ಹಳದಿಯಾದರೆ ಯಕೃತ್ತಿನ ತೊಂದರೆ. ಎರಡಕ್ಕೂ ಅಂದೇ ಆಸ್ಪತ್ರೆ.

ಸೂರ್ಯಾಘಾತವಾದ ಮಗುವಿಗೆ ಆಸ್ಪತ್ರೆಯಿಂದ ಬಂದ ಮೇಲೂ ಕನಿಷ್ಠ ಒಂದು ವಾರ ಆಟವಿಲ್ಲ. ಆಮೇಲೆ ವೈದ್ಯರು ಒಪ್ಪಿದರೆ ತಂಪು ಹೊತ್ತಿನಲ್ಲಿ ಸ್ವಲ್ಪ ಸ್ವಲ್ಪವಾಗಿ ಶುರುಮಾಡಿ. ಒಮ್ಮೆ ಬಿದ್ದ ಮಗು ಅದೇ ಬೇಸಗೆಯಲ್ಲಿ ಮತ್ತೆ ಬೀಳುವ ಸಾಧ್ಯತೆ ಹೆಚ್ಚು. ಶಾಲೆಗೆ, ಟ್ಯೂಷನ್‌ಗೆ, ಮದ್ರಸಕ್ಕೆ, ಆಟದ ಕೋಚಿಗೆ ಈ ವಿಷಯ ಬಾಯಿಮಾತಿನಲ್ಲಲ್ಲ, ಬರೆದು ತಿಳಿಸಿ.

ಹಂತ 10: ಶಾಲೆ, ಮೈದಾನ, ಬ್ರಹ್ಮಕಲಶದ ದಿನ

ಶಾಲೆಗಳಲ್ಲಿ ವಾಟರ್ ಬೆಲ್ (ನೀರು ಕುಡಿಯಲೆಂದು ಹೊಡೆಯುವ ಗಂಟೆ) ಬಂದದ್ದು ಒಳ್ಳೆಯದಾಯಿತು. ಆದರೆ ಗಂಟೆ ಹೊಡೆದರೆ ಸಾಲದು, ಮಕ್ಕಳು ಕುಡಿಯುತ್ತಾರೆಯೇ ಎಂದು ನೋಡಬೇಕು. ಶೌಚಾಲಯ ಕೊಳಕಾಗಿದ್ದರೆ ಹೆಣ್ಣುಮಕ್ಕಳು ಬೇಕೆಂದೇ ನೀರು ಕುಡಿಯುವುದಿಲ್ಲ. ಬಾಟಲಿ ತುಂಬಿಯೇ ಮನೆಗೆ ಬಂದರೆ ತಾಯಂದಿರು ಮಗುವನ್ನು ಗದರುವ ಮೊದಲು ಶೌಚಾಲಯದ ಬಗ್ಗೆ ಕೇಳಲಿ, ಪಿಟಿಎ ಸಭೆಯಲ್ಲಿ ಅದನ್ನೇ ಎತ್ತಲಿ.

ಮೈದಾನದಲ್ಲಿ ಆಡುವ 9ರಿಂದ 12 ವರ್ಷದ ಮಗುವಿಗೆ ಇಪ್ಪತ್ತು ನಿಮಿಷಕ್ಕೊಮ್ಮೆ 100ರಿಂದ 250 ಮಿಲಿಲೀಟರ್, ಅಂದರೆ ಅರ್ಧದಿಂದ ಒಂದೂಕಾಲು ಲೋಟ ನೀರು ಬೇಕು. ಕ್ಯಾಂಪು ನಡೆಸುವವರು ಬೆಳಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ ಮೈದಾನ ಮುಚ್ಚಬೇಕು. ಆ ಹೊತ್ತಿನಲ್ಲಿ ನೇರ ಬಿಸಿಲು ಬೇಡವೆಂದು ಕೇರಳದ ವಿಪತ್ತು ನಿರ್ವಹಣಾ ಪ್ರಾಧಿಕಾರ ಬೇಸಗೆಯಲ್ಲಿ ಮತ್ತೆ ಮತ್ತೆ ಹೇಳುತ್ತದೆ.

ಬ್ರಹ್ಮಕಲಶ, ಜಾತ್ರೆ, ಉಪನಯನ ಎಲ್ಲವೂ ನಮ್ಮಲ್ಲಿ ಬರುವುದು ಇದೇ ತಿಂಗಳುಗಳಲ್ಲಿ. ಹೊರೆಕಾಣಿಕೆ ಮೆರವಣಿಗೆಯಲ್ಲಿ ಪುಟ್ಟ ಮಕ್ಕಳು ರೇಷ್ಮೆ ಉಟ್ಟು, ಮುಡಿ ತುಂಬ ಹೂ ಮುಡಿದು, ಕಲಶ ಹಿಡಿದು ಡಾಮರು ರಸ್ತೆಯಲ್ಲಿ ನಡೆಯುವುದನ್ನು ನೋಡುವಾಗ ಸಂತೋಷದ ಜೊತೆಗೆ ಹೆದರಿಕೆಯೂ ಆಗುತ್ತದೆ. ಸಮಿತಿಯವರು ಮೆರವಣಿಗೆಯನ್ನು ಒಂಬತ್ತೂವರೆಯೊಳಗೆ ಮುಗಿಸಲಿ, ಇಲ್ಲವೇ ಸಂಜೆ ಹೊರಡಿಸಲಿ. ಹತ್ತು ವರ್ಷದೊಳಗಿನ ಮಕ್ಕಳು ದೇವಸ್ಥಾನದ ದ್ವಾರದಿಂದ ಮಾತ್ರ ಸೇರಿಕೊಳ್ಳಲಿ. ಅನ್ನದಾನದ ಚಪ್ಪರದ ಪಕ್ಕ ಒಂದು ಮೂಲೆಯಲ್ಲಿ ನೀರು ತುಂಬಿದ ಎರಡು ಟಬ್ಬು, ಬೈರಾಸು, ಓಆರ್‌ಎಸ್, ಚಾಪೆ, ಅಡ್ಡ ಹಿಡಿಯಲು ಒಂದು ಪರದೆ ಇಟ್ಟು, ಇಬ್ಬರು ಸ್ವಯಂಸೇವಕರಿಗೆ ಅದೇ ಕೆಲಸ ವಹಿಸಿ. ಮೈಕಿನಲ್ಲಿ ದೇಣಿಗೆದಾರರ ಹೆಸರು ಓದುವ ನಡುವೆ, ಆ ಮೂಲೆ ಎಲ್ಲಿದೆ ಎಂಬುದನ್ನೂ ಗಂಟೆಗೊಮ್ಮೆ ಹೇಳಿ.